ಆಧಾರವಿಲ್ಲದ ಭೂಮಿ

ಕ್ರಿ.ಶ. ೧೨೦೭ರ ಆಗಸ್ಟ್ ೯, ಪ್ರಭವ ಸಂವತ್ಸರದ ಶ್ರಾವಣ ಹುಣ್ಣಿಮೆ. ಅಂದು ಚಂದ್ರಗ್ರಹಣ. ಸಹ್ಯಾದ್ರಿಯ ಬಡಗಣ ಅಂಚಿನ ಪಾಟಣವೆಂಬ ಊರಿನಲ್ಲಿ ನಿಕುಂಭ ವಂಶದ ಮಾಂಡಲಿಕ ಸೋಯಿದೇವ ಗ್ರಹಣದ ಪುಣ್ಯಕಾಲದಲ್ಲಿ ಒಂದು ಮಠಕ್ಕೆ ದತ್ತಿ ಬಿಟ್ಟ. ಗ್ರಹಣದ ಹೊತ್ತಿನ ದಾನ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಆದರೆ ಈ ಮಠ ಕಟ್ಟಿದ ಉದ್ದೇಶ ಬೇರೆ ಕಡೆ ಕಾಣಸಿಗುವಂಥದ್ದಲ್ಲ. ದೇವಗಿರಿಯ ಸೇವುಣ ಅರಸು ಸಿಂಘಣನ ಆಸ್ಥಾನದಲ್ಲಿ ಮುಖ್ಯ ಜ್ಯೋತಿಷಿಯಾಗಿದ್ದ ಚಂಗದೇವ ತನ್ನ ತಾತ ಬರೆದ ಗ್ರಂಥಗಳನ್ನು ಪಾಠ ಹೇಳಿಸುವುದಕ್ಕೆಂದೇ ಅದನ್ನು ಸ್ಥಾಪಿಸಿದ್ದ. ತಾತನ ಹೆಸರು ಭಾಸ್ಕರಾಚಾರ್ಯ. ಪಾಠವಾಗಬೇಕಿದ್ದ ಗ್ರಂಥಗಳಲ್ಲಿ ಮೊದಲನೆಯದು 'ಸಿದ್ಧಾಂತಶಿರೋಮಣಿ'. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದೇ ಚಂದ್ರಗ್ರಹಣ ಎಂದು ನೆರಳಿನ ಉದ್ದಗಲ ಸಹಿತ ಲೆಕ್ಕ ಹಾಕಿ ತೋರಿಸುವ ಗ್ರಂಥ ಅದು.

ಈಗ ಆ ಪಾಟಣ ಜಳಗಾವ್ ಜಿಲ್ಲೆಗೆ ಸೇರಿದೆ. ಛತ್ರಪತಿ ಸಂಭಾಜಿನಗರದಿಂದ ಪಡುವಣ ದಾರಿ ಹಿಡಿದರೆ ಮೊದಲು ದೌಲತಾಬಾದು, ಅಂದರೆ ಅಂದಿನ ದೇವಗಿರಿ. ಆಮೇಲೆ ವೇರೂಳ, ಅಂದರೆ ಎಲ್ಲೋರದ ಗುಹೆಗಳು. ಆಮೇಲೆ 'ಕನ್ನಡ' ಎಂದೇ ಹೆಸರಿರುವ ತಾಲ್ಲೂಕು ಕೇಂದ್ರ. ಅಲ್ಲಿಂದ ಘಾಟ್ ಇಳಿದರೆ ಚಾಳೀಸ್‌ಗಾವ್. ಅದರ ಸಮೀಪದ ಕಾಡಿನಂಚಿನಲ್ಲಿ ಪಾಟಣಾದೇವಿಯ ಗುಡಿ, ಹಳೆಯ ಊರಿನ ಅವಶೇಷ.

ಈ ಸೀಮೆ ಕನ್ನಡದ ಚರಿತ್ರೆಗೆ ಹೊರಗಿನದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಹೇಳುತ್ತದೆ. ಆ ಗೋದಾವರಿ ಹುಟ್ಟುವುದು ನಾಸಿಕದ ತ್ರ್ಯಂಬಕದಲ್ಲಿ. ವೇರೂಳದ ಕೈಲಾಸ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ್ದು. ನಾಸಿಕ ಸೀಮೆಯ ಸಿನ್ನರಿನಲ್ಲಿ ಬೇರು ಬಿಟ್ಟ ಸೇವುಣರು ತಲೆಮಾರುಗಳ ಕಾಲ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು. ಚಾಲುಕ್ಯರ ಬಲ ಕುಂದಿದಾಗ, ೧೧೮೭ರ ಸುಮಾರಿಗೆ, ಐದನೆಯ ಭಿಲ್ಲಮ ಸ್ವತಂತ್ರನಾಗಿ ದೇವಗಿರಿಯನ್ನು ರಾಜಧಾನಿ ಮಾಡಿಕೊಂಡ. ಸೇವುಣರ ನೂರಾರು ಶಾಸನಗಳು ಕನ್ನಡದಲ್ಲಿವೆ. ಹಾಗೆಯೇ ಮರಾಠಿ ಬರಹ ಗಟ್ಟಿಗೊಂಡದ್ದೂ ಇವರ ಆಳ್ವಿಕೆಯಲ್ಲೇ. ಪಾಟಣದ ಶಾಸನವೇ ಸಂಸ್ಕೃತದಲ್ಲಿ ಶುರುವಾಗಿ, ದತ್ತಿಯ ವಿವರಕ್ಕೆ ಬಂದಾಗ ಹಳೆಯ ಮರಾಠಿಗೆ ಹೊರಳುತ್ತದೆ. ಭಾಸ್ಕರನನ್ನು ನಮ್ಮ ವಿಜಯಪುರದವನು ಎನ್ನುವವರಿದ್ದಾರೆ, ಪಾಟಣದವನು ಎನ್ನುವವರೂ ಇದ್ದಾರೆ. ಅವನು ಸ್ವತಃ ಹೇಳಿಕೊಂಡಿರುವುದು ಸಹ್ಯಪರ್ವತದ ಆಸರೆಯ ವಿಜ್ಜಡವಿಡ ಎಂಬ ಊರು, ಶಾಂಡಿಲ್ಯ ಗೋತ್ರ, ತಂದೆ ಮತ್ತು ಗುರು ಮಹೇಶ್ವರ, ಹುಟ್ಟಿದ್ದು ಶಕ ೧೦೩೬, ಅಂದರೆ ೧೧೧೪. ಮೂವತ್ತಾರನೆಯ ವಯಸ್ಸಿನಲ್ಲಿ, ೧೧೫೦ರಲ್ಲಿ, 'ಸಿದ್ಧಾಂತಶಿರೋಮಣಿ'ಯನ್ನು ಮುಗಿಸಿದ. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂದು ಅದರಲ್ಲಿ ನಾಲ್ಕು ಭಾಗ. ನಮಗೆಲ್ಲ ಲೀಲಾವತಿ ಗೊತ್ತು. ಆದರೆ ಈ ವಿಶ್ವದಲ್ಲಿ ಭೂಮಿಯ ಸ್ಥಾನವೇನು ಎಂಬ ಪ್ರಶ್ನೆಗೆ ಉತ್ತರವಿರುವುದು ಗೋಲಾಧ್ಯಾಯದಲ್ಲಿ, ಅದರ ಭುವನಕೋಶ ಪ್ರಕರಣದಲ್ಲಿ. ಅದನ್ನು ಓದುವಾಗಲೆಲ್ಲ ಒಬ್ಬ ಮನುಷ್ಯ ಎದುರಿಗೆ ಕೂತು ವಾದಿಸುತ್ತಿರುವಂತೆ ನನಗೆ ಅನಿಸುತ್ತದೆ. ಸೂತ್ರ ಕೊಟ್ಟು ಸುಮ್ಮನಾಗುವವನಲ್ಲ ಅವನು. ಎದುರಾಳಿಯನ್ನು ಹೆಸರು ಹಿಡಿದು ಕರೆಯುತ್ತಾನೆ, ಕೆಣಕುತ್ತಾನೆ, ಕಾರಣ ಕೇಳುತ್ತಾನೆ.

ಎದುರಾಳಿಗಳು ಮೂವರು. ಮೊದಲನೆಯವರು ಪುರಾಣದ ಭೂಗೋಳವನ್ನು ಅಕ್ಷರಶಃ ನಂಬುವವರು. ಭೂಮಿ ಕನ್ನಡಿಯಂತೆ ಚಪ್ಪಟೆ, ಅದರ ವಿಸ್ತಾರ ಐವತ್ತು ಕೋಟಿ ಯೋಜನ, ಮಧ್ಯದಲ್ಲಿ ಬಂಗಾರದ ಮೇರು, ಸೂರ್ಯ ಮೇರುವಿನ ಮರೆಗೆ ಹೋದಾಗ ರಾತ್ರಿ, ಇಷ್ಟೆಲ್ಲದರ ಕೆಳಗೆ ಹೊತ್ತು ನಿಂತ ಶೇಷ, ಕೂರ್ಮ, ಆನೆಗಳು. ಇವರಿಗೆ ಭಾಸ್ಕರನ ಪ್ರಶ್ನೆಗಳು ನೇರ. ಭೂಮಿ ಚಪ್ಪಟೆಯಾಗಿದ್ದರೆ ಮೇಲೆ ಎತ್ತರದಲ್ಲಿ ಸುತ್ತುವ ಸೂರ್ಯ ದೇವತೆಗಳಿಗೆ ಕಾಣುವ ಹಾಗೆ ಮನುಷ್ಯರಿಗೂ ಸದಾ ಏಕೆ ಕಾಣುವುದಿಲ್ಲ? ಮೇರುವೇ ಸೂರ್ಯನನ್ನು ಮರೆಮಾಡುವುದಾದರೆ ನಮಗೂ ಸೂರ್ಯನಿಗೂ ನಡುವೆ ಬಂದ ಆ ಬಂಗಾರದ ಬೆಟ್ಟ ಏಕೆ ಕಾಣುವುದಿಲ್ಲ? ಮೇರು ಇರುವುದು ಉತ್ತರಕ್ಕೆ; ಹಾಗಿದ್ದರೆ ವರ್ಷದ ಅರ್ಧ ಕಾಲ ಸೂರ್ಯ ಮೂಡಣದಿಂದ ತೆಂಕಲಿಗೆ ಸರಿದು ಹುಟ್ಟುವುದು ಹೇಗೆ?

ವಿಸ್ತಾರದ ಮಾತಿಗೆ ಅವನ ಉತ್ತರ ಇನ್ನೂ ಸರಳ. ಉಜ್ಜಯಿನಿಯ ಅಕ್ಷಾಂಶವನ್ನು ಗಣಿತದಿಂದ ತೆಗೆದರೆ, ಸಮಭಾಜಕ ರೇಖೆಯಿಂದ ಅದು ಭೂಪರಿಧಿಯ ಹದಿನಾರನೆಯ ಒಂದು ಪಾಲಿನಷ್ಟು ಉತ್ತರಕ್ಕಿದೆ. ಆ ದೂರವನ್ನು ಹದಿನಾರರಿಂದ ಗುಣಿಸಿ, ಭೂಮಿಯ ಸುತ್ತಳತೆ ಸಿಕ್ಕಿತು. ಇನ್ನು ಕೋಟಿಗಟ್ಟಲೆ ಯೋಜನಕ್ಕೆ ಜಾಗವೆಲ್ಲಿ? ಅವನು ಕೊಡುವ ಅಳತೆ ಪರಿಧಿ ೪,೯೬೭ ಯೋಜನ, ವ್ಯಾಸ ೧,೫೮೧ ಯೋಜನಕ್ಕಿಂತ ಕೂದಲಷ್ಟು ಹೆಚ್ಚು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ೩.೧೪೧೬ ಬರುತ್ತದೆ. ದುಂಡಗಿದ್ದರೂ ಚಪ್ಪಟೆಯಾಗಿ ಕಾಣುವುದೇಕೆ ಎಂದರೆ, ಯಾವ ವೃತ್ತವಾಗಲಿ, ಅದರ ಪರಿಧಿಯ ನೂರನೆಯ ಒಂದು ಪಾಲು ನೇರವಾಗಿಯೇ ಕಾಣುತ್ತದೆ. ಭೂಮಿ ಬಹಳ ದೊಡ್ಡದು, ಅದರ ಮೇಲೆ ನಿಂತ ಮನುಷ್ಯ ಬಹಳ ಸಣ್ಣವನು.

ಆಮೇಲೆ ಆಧಾರದ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ಗ್ರಂಥದ ಎತ್ತರದ ಜಾಗ ಇದು. ಭೂಮಿಯನ್ನು ಯಾರೋ ಹೊತ್ತಿದ್ದಾರೆ ಎನ್ನಿ. ಅವರನ್ನು ಹೊತ್ತವರು ಯಾರು? ಅವರ ಕೆಳಗೆ ಇನ್ನೊಬ್ಬರು, ಅವರ ಕೆಳಗೆ ಮತ್ತೊಬ್ಬರು, ಹೀಗೆ ಕೊನೆಯಿಲ್ಲ. ಎಲ್ಲೋ ಒಂದು ಕಡೆ ನಿಲ್ಲಿಸಿ, ಈತ ತನ್ನ ಶಕ್ತಿಯಿಂದಲೇ ನಿಂತಿದ್ದಾನೆ ಎಂದು ಹೇಳಲೇಬೇಕಾಗುತ್ತದೆ. ಕೊನೆಗೆ ಹೇಳುವ ಆ ಮಾತನ್ನು ಮೊದಲಿಗೇ, ಭೂಮಿಯ ಬಗ್ಗೆಯೇ ಏಕೆ ಹೇಳಬಾರದು? ಬೆಂಕಿಗೆ ಬಿಸಿ, ನೀರಿಗೆ ಹರಿವು, ಕಲ್ಲಿಗೆ ಗಟ್ಟಿತನ ಹೇಗೆ ಸ್ವಭಾವವೋ ಹಾಗೆ ಭೂಮಿಗೆ ಆಕಾಶದಲ್ಲಿ ತಾನೇ ನಿಲ್ಲುವುದು ಸ್ವಭಾವ. ಅದರ ಜೊತೆಗೆ ಭೂಮಿಗೆ ಎಳೆಯುವ ಶಕ್ತಿಯಿದೆ ಎನ್ನುತ್ತಾನೆ. ಗಾಳಿಯಲ್ಲಿರುವ ಭಾರದ ವಸ್ತುವನ್ನು ಅದು ತನ್ನತ್ತ ಸೆಳೆದುಕೊಳ್ಳುತ್ತದೆ, ನಾವು ಅದನ್ನು ಬೀಳುವುದು ಎನ್ನುತ್ತೇವೆ. ಸುತ್ತಲೂ ಆಕಾಶ ಒಂದೇ ಸಮನಾಗಿರುವಾಗ ಭೂಮಿ ತಾನು ಎತ್ತ ಬೀಳಬೇಕು?

ಇದನ್ನು ನ್ಯೂಟನ್ನನ ಗುರುತ್ವ ನಿಯಮವೇ ಎಂದು ಸಂಭ್ರಮಿಸುವವರನ್ನು ನಾನು ಒಪ್ಪಲಾರೆ. ಚಂದ್ರನನ್ನು ಕಕ್ಷೆಯಲ್ಲಿ ಹಿಡಿದಿಡುವ ಶಕ್ತಿಯೂ ಹಣ್ಣನ್ನು ಬೀಳಿಸುವ ಶಕ್ತಿಯೂ ಒಂದೇ ಎಂದು ಭಾಸ್ಕರ ಹೇಳಲಿಲ್ಲ; ಗ್ರಹಗಳನ್ನು ಸುತ್ತಿಸುವುದು ಪ್ರವಹ ವಾಯು ಎಂದೇ ಅವನ ಮತ. ದೂರ ಹೆಚ್ಚಿದಂತೆ ಸೆಳೆತ ಎಷ್ಟು ತಗ್ಗುತ್ತದೆ ಎಂಬ ಲೆಕ್ಕವೂ ಅಲ್ಲಿಲ್ಲ. ಆದರೆ 'ಕೆಳಗೆ' ಎಂಬುದು ಆಕಾಶದಲ್ಲೇ ಇರುವ ದಿಕ್ಕಲ್ಲ, ಭೂಮಿಯ ನಡುವಿನತ್ತ ಹೋಗುವ ದಿಕ್ಕು ಎಂಬುದು ಅವನಿಗೆ ಖಚಿತವಾಗಿತ್ತು. ಅವನನ್ನು ಗೌರವಿಸಲು ಅಷ್ಟು ಸಾಕು, ಇಲ್ಲದ್ದನ್ನು ಅವನ ಬಾಯಿಗೆ ಹಾಕಬೇಕಿಲ್ಲ.

ಎರಡನೆಯ ಎದುರಾಳಿಗಳು ಬೌದ್ಧರು. ಆಧಾರವಿಲ್ಲದ ಭಾರದ ವಸ್ತು ಬೀಳಲೇಬೇಕು, ಆದ್ದರಿಂದ ಭೂಮಿ ಸದಾ ಕೆಳಗೆ ಬೀಳುತ್ತಲೇ ಇದೆ ಎಂಬ ವಾದವನ್ನು ಭಾಸ್ಕರ ಅವರದೆಂದು ಹೇಳುತ್ತಾನೆ. ಅವನ ಉತ್ತರ: ಮೇಲಕ್ಕೆ ಎಸೆದದ್ದು ತಿರುಗಿ ಭೂಮಿಗೆ ಬಂದು ತಾಗುವುದನ್ನು ದಿನವೂ ನೋಡುತ್ತೀಯಲ್ಲ, ಭೂಮಿ ಬೀಳುತ್ತಿದ್ದರೆ ಅದು ಹೇಗೆ ಬಂದು ಮುಟ್ಟೀತು? ಭಾರವಾದದ್ದು ಬೇಗ ಬೀಳುತ್ತದೆ ಎಂಬ ನಂಬಿಕೆ ಈ ವಾದದ ಒಳಗಿದೆ, ಅದು ತಪ್ಪು ಎಂದು ನಮಗೆ ಈಗ ಗೊತ್ತು. ಮೂರನೆಯವರು ಜೈನರು. ಜಂಬೂದ್ವೀಪಕ್ಕೆ ಎರಡು ಸೂರ್ಯ, ಎರಡು ಚಂದ್ರ, ನಕ್ಷತ್ರಗಳೂ ಎರಡು ಸಾಲು, ಒಂದೊಂದು ಸರದಿಯಂತೆ ಉದಯಿಸುತ್ತವೆ ಎಂಬುದು ಅವರ ಲೋಕವಿವರಣೆ. ಅದಕ್ಕೆ ಭಾಸ್ಕರ ಧ್ರುವನ ಸುತ್ತ ತಿರುಗುವ ತಾರೆಗಳನ್ನು ತೋರಿಸುತ್ತಾನೆ: ಅವು ಒಂದು ಹಗಲು ಒಂದು ರಾತ್ರಿಯಲ್ಲಿ ಪೂರ್ತಿ ಒಂದು ಸುತ್ತು ಬರುವುದು ಕಣ್ಣಿಗೇ ಕಾಣುತ್ತದಲ್ಲ, ಇನ್ನೊಂದು ಜೋಡಿ ಏತಕ್ಕೆ ಬೇಕು?

ಈ ವಾದಗಳು ಹುಟ್ಟಿದ ನಾಡನ್ನು ನೆನೆದರೆ ಅವುಗಳ ಕಾವು ಅರ್ಥವಾಗುತ್ತದೆ. ಪಾಟಣದ ಮೇಲಿನ ಬೆಟ್ಟಸಾಲಿನಲ್ಲೇ ಪಿತಳಖೋರೆಯ ಬೌದ್ಧ ಗುಹೆಗಳಿವೆ, ಭಾಸ್ಕರನ ಕಾಲಕ್ಕೇ ಸಾವಿರ ವರ್ಷ ದಾಟಿದವು. ವೇರೂಳದಲ್ಲಿ ಬೌದ್ಧ, ವೈದಿಕ, ಜೈನ ಗುಹೆಗಳು ಒಂದೇ ಬಂಡೆಯಂಚಿನಲ್ಲಿ ಸಾಲಾಗಿವೆ. ಮೂರು ಮತಗಳು, ಮೂರು ಬ್ರಹ್ಮಾಂಡಗಳು. ಕನ್ನಡ ಸೀಮೆಯಲ್ಲಂತೂ ಜೈನ ಲೋಕಸ್ವರೂಪ ಕಾವ್ಯಕ್ಕೂ ಗಣಿತಕ್ಕೂ ನೀರೆರೆದಿತ್ತು; ಅಮೋಘವರ್ಷ ನೃಪತುಂಗನನ್ನು ಹೊಗಳಿ 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯನೂ ಜೈನನೇ. ಭಾಸ್ಕರ ಎದುರಿಸಿದ್ದು ದೂರದ, ಪುಸ್ತಕದೊಳಗಿನ ಮತಗಳನ್ನಲ್ಲ. ಅಕ್ಕಪಕ್ಕದಲ್ಲಿ ಬದುಕಿ ಬಾಳಿದ ವಿದ್ವತ್ತನ್ನು.

ಹಾಗಾದರೆ ಅವನ ಭೂಮಿಗೆ ವಿಶೇಷ ಸ್ಥಾನ ಇತ್ತೇ? ಇತ್ತು. ಅದು ನಟ್ಟನಡುವೆ ಇದೆ. ಚಂದ್ರ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿ, ಆಮೇಲೆ ನಕ್ಷತ್ರಗಳು, ಈ ಕ್ರಮದಲ್ಲಿ ಕಕ್ಷೆಗಳು ಅದನ್ನು ಬಳಸಿವೆ. ಭೂಮಿ ಅಲುಗಾಡುವುದಿಲ್ಲ. ೪೯೯ರಲ್ಲಿ ಆರ್ಯಭಟ ಭೂಮಿಯೇ ತನ್ನ ಸುತ್ತ ತಿರುಗುತ್ತದೆ, ದೋಣಿಯಲ್ಲಿ ಹೋಗುವವನಿಗೆ ದಡದ ಮರಗಳು ಹಿಂದೆ ಸರಿದಂತೆ ಕಾಣುವ ಹಾಗೆ ನಕ್ಷತ್ರಗಳು ಪಡುವಣಕ್ಕೆ ಸರಿದಂತೆ ಕಾಣುತ್ತವೆ ಎಂದಿದ್ದ. ೬೨೮ರಲ್ಲಿ ಬ್ರಹ್ಮಗುಪ್ತ ಅದನ್ನು ತಳ್ಳಿಹಾಕಿದ. ಭಾಸ್ಕರ ನಿಂತದ್ದು ಬ್ರಹ್ಮಗುಪ್ತನ ಪಕ್ಷದಲ್ಲಿ. ಈ ವಿಷಯದಲ್ಲಿ ಆರುನೂರೈವತ್ತು ವರ್ಷ ಹಿಂದಿನವನು ಮುಂದಿದ್ದ ಎಂಬುದನ್ನು ಒಪ್ಪಿಕೊಳ್ಳಬೇಕು.

ಆದರೂ ನಡುವೆ ಇರುವುದರಿಂದ ಬರಬಹುದಾದ ಹಿರಿಮೆಯನ್ನು ಅವನು ಒಂದೊಂದಾಗಿ ಕಿತ್ತು ತೆಗೆಯುತ್ತಾನೆ. ಕೇಸರಗಳು ಸುತ್ತಲೂ ತುಂಬಿದ ಕದಂಬದ ಹೂವಿನಂತೆ ಭೂಗೋಳದ ಎಲ್ಲ ಕಡೆಯೂ ಊರು, ತೋಪು, ಬೆಟ್ಟಗಳಿವೆ. ಸಮಭಾಜಕದ ಮೇಲೆ ಲಂಕೆ, ಯಮಕೋಟಿ, ಸಿದ್ಧಪುರ, ರೋಮಕ ಎಂಬ ನಾಲ್ಕು ಪಟ್ಟಣಗಳನ್ನು ಕಾಲು ಕಾಲು ಪರಿಧಿಯ ದೂರದಲ್ಲಿ ಇಟ್ಟು, ಲಂಕೆಯಲ್ಲಿ ಸೂರ್ಯ ಹುಟ್ಟುವಾಗ ಯಮಕೋಟಿಯಲ್ಲಿ ನಡುಹಗಲು, ಸಿದ್ಧಪುರದಲ್ಲಿ ಸೂರ್ಯಾಸ್ತ, ರೋಮಕದಲ್ಲಿ ನಡುರಾತ್ರಿ ಎಂದು ತೋರಿಸುತ್ತಾನೆ. ಯಾರ ಬೆಳಗೂ ಲೋಕದ ಬೆಳಗಲ್ಲ. ಪ್ರತಿಯೊಬ್ಬನೂ ತಾನು ನಿಂತ ಕಡೆ ನೆಲ ಕೆಳಗಿದೆ, ತಾನು ಅದರ ಮೇಲಿದ್ದೇನೆ ಎಂದುಕೊಳ್ಳುತ್ತಾನೆ. ಭೂಗೋಳದ ಆಚೆ ಬದಿಯವರು ನಮ್ಮ ಲೆಕ್ಕದಲ್ಲಿ ತಲೆಕೆಳಗು, ನೀರಿನ ದಡದಲ್ಲಿ ನಿಂತವನ ಪ್ರತಿಬಿಂಬದ ಹಾಗೆ. ಆದರೆ ನಾವು ಇಲ್ಲಿ ಇರುವಷ್ಟೇ ನಿರಾತಂಕವಾಗಿ ಅವರು ಅಲ್ಲಿದ್ದಾರೆ. ಉತ್ತರ ಧ್ರುವದ ಮೇರುವಿನಲ್ಲಿ ದೇವತೆಗಳು, ದಕ್ಷಿಣ ಧ್ರುವದಲ್ಲಿ ಅಸುರರು ಎಂಬ ಹಳೆಯ ಮಾತನ್ನು ಅವನು ಬಿಡುವುದಿಲ್ಲ. ಆದರೆ ಅವರಿಗೂ ಇದೇ ನಿಯಮ. ದೇವತೆಗಳ ಕಣ್ಣಿಗೆ ಅಸುರರು ಕೆಳಗೆ, ಅಸುರರ ಕಣ್ಣಿಗೆ ದೇವತೆಗಳು ಕೆಳಗೆ.

ವಿಶ್ವದ ಗಾತ್ರದ ಬಗ್ಗೆ ಅವನ ನಿಲುವು ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ. ಆಕಾಶದ ಪರಿಧಿ ೧೮,೭೧,೨೦,೬೯,೨೦,೦೦,೦೦,೦೦೦ ಯೋಜನ ಎಂಬ ಸಂಖ್ಯೆ ಅವನಿಗೆ ಪರಂಪರೆಯಿಂದ ಬಂದದ್ದು. ಚಂದ್ರಕಕ್ಷೆಯ ೩,೨೪,೦೦೦ ಯೋಜನವನ್ನು ಕಲ್ಪವೆಂಬ ಅತಿದೀರ್ಘ ಕಾಲಾವಧಿಯಲ್ಲಿ ಚಂದ್ರ ಹಾಕುವ ಸುತ್ತುಗಳಿಂದ ಗುಣಿಸಿದರೆ ಇದೇ ಸಂಖ್ಯೆ ಬರುತ್ತದೆ. ಎಲ್ಲ ಗ್ರಹಗಳೂ ಒಂದೇ ವೇಗದಲ್ಲಿ ಅಷ್ಟೇ ದೂರ ಕ್ರಮಿಸುತ್ತವೆ ಎಂಬ ಊಹೆಯ ಮೇಲೆ ಮಿಕ್ಕ ಕಕ್ಷೆಗಳ ಲೆಕ್ಕ ನಿಂತಿದೆ. ಹೀಗೆ ಸಿಗುವ ಚಂದ್ರನ ದೂರ ೫೧,೫೬೬ ಯೋಜನ, ಭೂಮಿಯ ಅರೆವ್ಯಾಸದ ಸುಮಾರು ೬೫ ಪಟ್ಟು. ನಿಜವಾದದ್ದು ೬೦ ಪಟ್ಟು, ಹತ್ತಿರವೇ ಇದೆ. ಸೂರ್ಯನ ದೂರ ಮಾತ್ರ ಇಪ್ಪತ್ತೈದು ಪಟ್ಟಿಗೂ ಮಿಗಿಲಾಗಿ ತಪ್ಪಿದೆ. ಈ ದೊಡ್ಡ ಸಂಖ್ಯೆಯನ್ನು ಕೆಲವರು ಬ್ರಹ್ಮಾಂಡದ ಪರಿಧಿ ಎನ್ನುತ್ತಾರೆ ಎಂದು ತಿಳಿಸಿ, ಬ್ರಹ್ಮಾಂಡ ಅಷ್ಟೇ ಇರಲಿ ಇಲ್ಲದಿರಲಿ, ಒಂದು ಕಲ್ಪದಲ್ಲಿ ಗ್ರಹ ಕ್ರಮಿಸುವ ದೂರ ಇಷ್ಟು ಎಂಬುದಷ್ಟೇ ನಮ್ಮ ಮತ ಎಂದು ಭಾಸ್ಕರ ಅಲ್ಲಿಗೆ ನಿಲ್ಲುತ್ತಾನೆ. ಗಣಿತದ ವಿಷಯದಲ್ಲಿ ಉಪಪತ್ತಿ, ಅಂದರೆ ಕಾರಣಸಹಿತ ಸಾಧನೆ, ಇರುವ ಆಗಮವೇ ಪ್ರಮಾಣ ಎಂದು ತನ್ನ ವ್ಯಾಖ್ಯಾನದಲ್ಲಿ ಬರೆದವನು, ಉಪಪತ್ತಿ ಮುಗಿದಲ್ಲಿ ಮಾತನ್ನೂ ಮುಗಿಸಿದ.

ಅವನ ಮಗ ಲಕ್ಷ್ಮೀಧರನನ್ನು ಸೇವುಣ ಜೈತುಗಿ ಪಾಟಣದಿಂದ ಕರೆಸಿಕೊಂಡು ಪಂಡಿತರ ಮುಖ್ಯನನ್ನಾಗಿ ಮಾಡಿದ. ಮೊಮ್ಮಗ ಚಂಗದೇವನ ಮಠದ ಮಾತು ಆಗಲೇ ಬಂತು. ಭಾಸ್ಕರನ ಸಹೋದರನ ಮೊಮ್ಮಗ ಅನಂತದೇವನೂ ಸಿಂಘಣನ ಜ್ಯೋತಿಷಿ. ೧೨೨೨ರಲ್ಲಿ ಅದೇ ಸೀಮೆಯ ಬಹಾಳದಲ್ಲಿ ಗುಡಿ ಕಟ್ಟಿಸಿ ಶಾಸನ ಬರೆಸಿದ. ೧೨೯೬ರಲ್ಲಿ ಅಲಾಉದ್ದೀನನ ದಂಡು ದೇವಗಿರಿಗೆ ಬಂತು. ಮುಂದಿನ ಸುಮಾರು ಎರಡು ದಶಕಗಳಲ್ಲಿ ಸೇವುಣರ ಆಳ್ವಿಕೆ ಮುಗಿಯಿತು.

ರಾಜ್ಯ ಹೋದರೂ ವಾದ ಉಳಿಯಿತು. ೧೫೦೩ರಲ್ಲಿ ಗೋದಾವರಿ ತೀರದ ಪಾರ್ಥಪುರದಲ್ಲಿ, ಅಂದರೆ ಈಗಿನ ಪರಭಣಿ ಜಿಲ್ಲೆಯ ಪಾಥ್ರಿಯಲ್ಲಿ, ಜ್ಞಾನರಾಜ 'ಸಿದ್ಧಾಂತಸುಂದರ' ಬರೆದ. ಭಾಸ್ಕರನ ನಂತರ ಈ ಬಗೆಯ ದೊಡ್ಡ ಸಿದ್ಧಾಂತ ಗ್ರಂಥ, ಅಂದರೆ ಗಣಿತ ಜ್ಯೋತಿಷದ ಗ್ರಂಥ, ಬರೆದವರಲ್ಲಿ ಅವನ ಹೆಸರು ಮುಖ್ಯ. ಗೋಳಾಕಾರವನ್ನು ಒಪ್ಪಿದ, ಗಣಿತವನ್ನು ಒಪ್ಪಿದ, ಆದರೆ ಆಧಾರವಿಲ್ಲದ ಭೂಮಿಯನ್ನು ಒಪ್ಪಲಿಲ್ಲ. ಅಲ್ಪ ಬಲದ ಹದ್ದು ಹಾವನ್ನು ಕೊಕ್ಕಿನಲ್ಲಿ ಕಚ್ಚಿ ಒಂದು ಜಾವ ಆಕಾಶದಲ್ಲಿ ನಿಲ್ಲಬಲ್ಲುದಾದರೆ, ಅಚಿಂತ್ಯ ಶಕ್ತಿಯ ಭಗವಂತ ಕೂರ್ಮರೂಪದಲ್ಲಿ ಒಂದು ಕಲ್ಪ ಭೂಮಿಯನ್ನು ಏಕೆ ಹೊರಲಾರ ಎಂಬುದು ಅವನ ಪ್ರಶ್ನೆ. ಪುರಾಣವನ್ನೂ ಸಿದ್ಧಾಂತವನ್ನೂ ಒಂದು ಮಾಡುವ ಯತ್ನ ಇದು. ಭಾಸ್ಕರನ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ ಎನ್ನದೆ ವಿಧಿಯಿಲ್ಲ: ಹದ್ದು ನಿಂತದ್ದು ಗಾಳಿಯ ಮೇಲೆ. ಆದರೂ ಜ್ಞಾನರಾಜನ ಮಗ ಸೂರ್ಯದಾಸನೇ ಮುಂದೆ ಲೀಲಾವತಿಗೂ ಬೀಜಗಣಿತಕ್ಕೂ ವ್ಯಾಖ್ಯಾನ ಬರೆದ. ಒಪ್ಪದಿದ್ದವನ ಮನೆಯಲ್ಲೂ ಭಾಸ್ಕರನ ಪಾಠ ನಿಲ್ಲಲಿಲ್ಲ. ಅದೇ ವೇಳೆಗೆ ಕೇರಳದ ನೀಲಕಂಠ ಸೋಮಯಾಜಿ ಗ್ರಹಗಳು ಸೂರ್ಯನನ್ನೂ ಸೂರ್ಯ ಭೂಮಿಯನ್ನೂ ಸುತ್ತುವ ಮಾದರಿಯನ್ನು ರೂಪಿಸಿದ್ದ. ೧೫೪೩ರಲ್ಲಿ ಯುರೋಪಿನಲ್ಲಿ ಕೋಪರ್ನಿಕಸನ ಪುಸ್ತಕ ಅಚ್ಚಾಯಿತು. ಅದರ ತಿರುಳು ಈ ನಾಡಿನ ಪಂಡಿತರ ಜಗಲಿಗೆ ಬರಲು ಇನ್ನೂ ಮುನ್ನೂರು ವರ್ಷ ಬೇಕಾಯಿತು.

ಅದು ಬಂದ ದಾರಿಯೂ ಭಾಸ್ಕರನ ಮೂಲಕವೇ. ೧೮೩೦ರ ದಶಕದಲ್ಲಿ ಭೋಪಾಲದ ಬಳಿಯ ಸೀಹೋರಿನಲ್ಲಿ ಲ್ಯಾನ್ಸೆಲಾಟ್ ವಿಲ್ಕಿನ್ಸನ್ ಎಂಬ ಕಂಪನಿ ಅಧಿಕಾರಿಯಿದ್ದ. ಚಪ್ಪಟೆ ಭೂಮಿಯ ನಂಬಿಕೆ ಬಿಡಿಸಲು ಇಂಗ್ಲಿಷ್ ಪುಸ್ತಕ ತರಬೇಕಿಲ್ಲ, ನಿಮ್ಮದೇ ಸಿದ್ಧಾಂತಗಳು ಸಾಕು ಎಂದು ಅವನು ೧೮೩೪ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ವಾದಿಸಿದ. ಅವನ ಪಾಠಶಾಲೆಯಲ್ಲಿದ್ದ ಮರಾಠಿ ಪಂಡಿತ ಸುಬಾಜಿ ಬಾಪು ಅವರು ಗೋಲಾಧ್ಯಾಯವನ್ನು ಮನಸ್ಸಿಟ್ಟು ಓದಿದರು. ಒಂದು ಕಾಲಕ್ಕೆ ಈ ನೆಲದಲ್ಲೇ ಒಪ್ಪಿದ್ದ ಸತ್ಯವನ್ನು ತಮಗೆ ಹಿಂದಿನವರು ಮುಚ್ಚಿಟ್ಟರೆಂದು ಅವರು ಕಟುವಾಗಿ ನೊಂದುಕೊಂಡರೆಂದು ವಿಲ್ಕಿನ್ಸನ್ ಬರೆಯುತ್ತಾನೆ. ವಿಲ್ಕಿನ್ಸನ್ ತನ್ನ ಕಾರ್ಯಕ್ಕೆ ಅನುಕೂಲವಾಗುವಂತೆಯೂ ಬರೆದಿರಬಹುದು. ಆದರೆ ಸುಬಾಜಿಯವರ ನಡೆಗೆ ಅವರದೇ ಪುಸ್ತಕದ ಸಾಕ್ಷಿಯಿದೆ. ೧೮೩೬ರಲ್ಲಿ ಅವರು ಮರಾಠಿಯಲ್ಲಿ 'ಸಿದ್ಧಾಂತಶಿರೋಮಣಿಪ್ರಕಾಶ' ಪ್ರಕಟಿಸಿದರು. ಪುರಾಣ, ಸಿದ್ಧಾಂತ, ಕೋಪರ್ನಿಕಸ್ ಮೂರನ್ನೂ ಎದುರುಬದುರು ಇಟ್ಟು, ಪುರಾಣಕ್ಕಿಂತ ಸಿದ್ಧಾಂತ ಸರಿ, ಸಿದ್ಧಾಂತಕ್ಕಿಂತ ಕೋಪರ್ನಿಕಸ್ ಸರಿ ಎಂದು ಹೇಳಿದರು. ಭಾಸ್ಕರ ನಡುವೆ ಕೂರಿಸಿದ ಭೂಮಿಯನ್ನು, ಭಾಸ್ಕರನಿಂದ ಕಲಿತ ವಾದಕ್ರಮ ಹಿಡಿದು, ಅವರು ನಡುವಿನಿಂದ ಎಬ್ಬಿಸಿದರು.

ವಿರೋಧ ಕೂಡಲೇ ಬಂತು. ಯಜ್ಞೇಶ್ವರ ಎಂಬ ವಿದ್ವಾಂಸರು 'ಅವಿರೋಧಪ್ರಕಾಶ' ಬರೆದು ಪುರಾಣಕ್ಕೂ ಸಿದ್ಧಾಂತಕ್ಕೂ ವಿರೋಧವೇ ಇಲ್ಲ ಎಂದರು. ಸೀಹೋರಿನವರು ಅದಕ್ಕೆ ಮರುತ್ತರ ಬರೆದರು. ಜ್ಞಾನರಾಜ ಎತ್ತಿದ ಮಾತುಗಳೇ ಮುನ್ನೂರಮೂವತ್ತು ವರ್ಷದ ಮೇಲೆ ಅಚ್ಚಿನ ಮೊಳೆಗಳಲ್ಲಿ ಮರಳಿ ಬಂದವು. ಇದನ್ನು ಯುರೋಪಿನ ವಿದ್ಯೆ ಬಂದು ನಮ್ಮ ಕಣ್ಣು ತೆರೆಸಿದ ಕಥೆ ಎಂದು ಹೇಳುವುದು ಸುಲಭ, ಎಲ್ಲವೂ ನಮ್ಮಲ್ಲೇ ಇತ್ತು ಎಂದು ಹೇಳುವುದೂ ಅಷ್ಟೇ ಸುಲಭ. ನಡೆದದ್ದು ಎರಡೂ ಅಲ್ಲ. ಕೆಳಗಿನ ಆಧಾರವನ್ನು ೧೧೫೦ರಲ್ಲೇ ತೆಗೆದುಹಾಕಿದ್ದರಿಂದ, ೧೮೩೬ರಲ್ಲಿ ನಡುವಿನ ಪೀಠವನ್ನು ಬಿಟ್ಟುಕೊಡುವುದು ಒಬ್ಬ ಸಾಂಪ್ರದಾಯಿಕ ಪಂಡಿತರಿಗೆ ಸಾಧ್ಯವಾಯಿತು. ಎರಡರಲ್ಲಿ ಮೊದಲಿನದೇ ಕಷ್ಟದ ಕೆಲಸ ಎಂದು ನಾನು ನಂಬುತ್ತೇನೆ. ಕಾಲ ಕೆಳಗೆ ಏನೂ ಇಲ್ಲ ಎಂದು ಒಪ್ಪಿದವನಿಗೆ, ಸುತ್ತುತ್ತಿರುವುದು ತಾನೇ ಎಂದು ಒಪ್ಪಲು ಬೇಕಾದದ್ದು ಇನ್ನಷ್ಟು ಲೆಕ್ಕ ಮಾತ್ರ.

ವಿಲ್ಕಿನ್ಸನ್ ೧೮೪೧ರಲ್ಲಿ ತೀರಿಕೊಂಡ. ಅವನು ಮಾಡಿದ್ದ ಗೋಲಾಧ್ಯಾಯದ ಇಂಗ್ಲಿಷ್ ಅನುವಾದವನ್ನು ಕಾಶಿಯ ಬಾಪುದೇವ ಶಾಸ್ತ್ರಿಗಳು ತಿದ್ದಿ ೧೮೬೧ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದರು. ಶಾಸ್ತ್ರಿಗಳೂ ಸೀಹೋರಿನಲ್ಲಿ ಓದಿದವರೇ. ನಾಲ್ಕು ವರ್ಷದ ಮೇಲೆ, ೧೮೬೫ರಲ್ಲಿ, ಮುಂಬಯಿಯ ವೈದ್ಯ ಡಾ. ಭಾವು ದಾಜಿ ಅವರು ಪಾಟಣದ ಭವಾನಿ ಗುಡಿಯ ಶಾಸನವನ್ನು ವಿದ್ವತ್‌ಲೋಕಕ್ಕೆ ತಿಳಿಸಿದರು. ಭಾಸ್ಕರನ ಪೂರ್ವಜರ ಹೆಸರು, ಮಗನನ್ನು ಜೈತುಗಿ ಕರೆಸಿಕೊಂಡದ್ದು, ಮೊಮ್ಮಗನ ಮಠ, ಗ್ರಹಣದ ದಿನದ ದತ್ತಿ, ಇವೆಲ್ಲ ಹೊರಬಂದದ್ದು ಆಗ. ಶಾಸನದ ಕೊನೆಯ ಮರಾಠಿ ಸಾಲುಗಳಲ್ಲಿ ಪೇಟೆಗೆ ಬರುವ ಸರಕಿನಿಂದ, ಗಾಣದ ಎಣ್ಣೆಯಿಂದ ಮಠಕ್ಕೆ ಸಲ್ಲಬೇಕಾದ ಪಾಲುಗಳ ವಿವರವಿದೆ.